ಕೊಟೇಶನ್‌ನಲ್ಲಿ ‘ಫಿನಿಷ್’ ಅಂತ ಇದ್ದರೆ ಅಡ್ವಾನ್ಸ್ ಕೊಡಬೇಡಿ: ಹಳ್ಳಿ ಮನೆ ಜಗಲಿ ಮಾಡಿಸುವವರಿಗೆ ಎಚ್ಚರಿಕೆ

ಮನೆ ಹಿಂದಿನ ಖಾಲಿ ಜಾಗಕ್ಕೆ ತೊಟ್ಟಿ ಮನೆ ಜಗಲಿ ಥರ ಮಾಡಿಸಬೇಕು, ಮರದ ಕಂಬ, ಮಂಗಳೂರು ಹೆಂಚು, ಕಾವಿ ನೆಲ, ತೂಗುಮಂಚ ಹಾಕಿಸಬೇಕು ಅಂತ ಯೋಚಿಸ್ತಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ದುಡ್ಡು ಕೊಡೋ ಮೊದಲು ಓದಿ.

ಮೈಸೂರಿನ ನಮ್ಮ ಮನೆ, ಹಿತ್ತಲಲ್ಲಿ 14 ಅಡಿಗೆ 10 ಅಡಿ ಜಾಗ. ಜಗಲಿ ಕಟ್ಟಿಕೊಡೋ ಗುತ್ತಿಗೆದಾರರ ಜೊತೆ ಒಪ್ಪಂದ 3,40,000 ರೂಪಾಯಿಗೆ. ಅಡ್ವಾನ್ಸ್ ನೂರಕ್ಕೆ ಅರವತ್ತು, ಅಂದ್ರೆ 2,04,000. ಅವರು ಬಾಯಲ್ಲಿ ಹೇಳಿದ್ದು ಏನು ಗೊತ್ತಾ? ‘ನೂರು ವರ್ಷದ ತೇಗದ ಕಂಬ ಸರ್, ಚೆಟ್ಟಿನಾಡಿನ ಹಳೇ ಮನೆ ಕೆಡವಿದಾಗ ಎತ್ತಿಕೊಂಡು ಬಂದದ್ದು.’ ಕಾಗದದಲ್ಲಿ ಬರೆದದ್ದು: ‘ಟೀಕ್ ಫಿನಿಷ್ ಕಂಬ, 6x6, 4 ಸಂಖ್ಯೆ.’ ಟೀಕ್ ಅಲ್ಲ. ಟೀಕ್ ಫಿನಿಷ್, ಅಂದ್ರೆ ತೇಗದ ಹಾಗೆ ಕಾಣುತ್ತೆ ಅಷ್ಟೇ. ತೂಗುಮಂಚದ ಸರಪಳಿಗೆ ‘ಬ್ರಾಸ್ ಫಿನಿಷ್’. ಕಾವಿ ನೆಲಕ್ಕೆ ‘ರೆಡ್ ಆಕ್ಸೈಡ್ ಫಿನಿಷ್’. ಒಂದೇ ಪುಟದಲ್ಲಿ ಮೂರು ಸಲ ಆ ಪದ ಇತ್ತು, ಮೂರು ಸಲ ಓದಿ ಸಹಿ ಹಾಕಿದ್ದು. ಇದನ್ನ ಬರೆಯೋಕೇ ನಾಚಿಕೆ ಆಗುತ್ತೆ.

ಕಂಬ ಬಂದಾಗ ನೋಡೋಕೆ ಹಳೇದರ ಹಾಗೇ ಇತ್ತು. ಕಪ್ಪು ಕಂದು ಬಣ್ಣ, ಅಲ್ಲಲ್ಲಿ ಜಜ್ಜಿದ ಗುರುತು, ಹುಳು ಕೊರೆದ ಹಾಗೆ ತೂತು. ನಿಲ್ಲಿಸೋ ಹೊತ್ತಿಗೆ ಎತ್ತರ ಮೂರು ಇಂಚು ಜಾಸ್ತಿ ಆಯ್ತು. ಅವರ ಕಡೆ ಬಡಗಿ ಬಂದಿರಲಿಲ್ಲ, ಹಾಗಾಗಿ ಪಕ್ಕದ ಬೀದಿಯ ಆಚಾರ್ರನ್ನ ಕರೆಸಿ ಬುಡ ಕೊಯ್ಯಿಸಿದ್ದು. ಗರಗಸ ನಿಂತ ಮೇಲೆ ಅವರು ಆ ತುಂಡನ್ನ ಕೈಯಲ್ಲಿ ಹಿಡಿದು ತಿರುಗಿಸಿದರು, ಮೂಸಿ ನೋಡಿದರು, ಏನೂ ಮಾತಾಡಲಿಲ್ಲ. ಆಮೇಲೆ, ‘ಸ್ವಾಮಿ, ಇದನ್ನ ತೇಗ ಅಂತ ಕೊಟ್ರಾ? ಇದು ಸಿಲ್ವರ್ ಓಕ್. ಅದೂ ಹೊಸ ಮರ’ ಅಂದ್ರು. ಒಳಗೆ ಪೂರ್ತಿ ತಿಳಿ ಗುಲಾಬಿ ಬಣ್ಣ, ಜಾಲರಿ ಥರ ಚುಕ್ಕೆ ಚುಕ್ಕೆ. ಆ ಕಂದು ಬಣ್ಣ ಒಂದು ನೂಲಿನಷ್ಟೂ ಒಳಗೆ ಇಳಿದಿರಲಿಲ್ಲ. ಅಲ್ಲಿ ನಿಂತಿದ್ದೋರೆಲ್ಲ ನೋಡಿದರು. ಆ ಹೊತ್ತನ್ನ ಮರೆಯೋಕೆ ಆಗ್ತಿಲ್ಲ.

ಸಿಲ್ವರ್ ಓಕ್ ಅಂದ್ರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸಿ ಮೆಣಸಿನ ಬಳ್ಳಿ ಹಬ್ಬಿಸ್ತಾರಲ್ಲ, ಅದೇ ಮರ. ಮನೆ ಒಳಗಿನ ಕೆಲಸಕ್ಕೆ ಪರವಾಗಿಲ್ಲ. ಮಳೆ ಬಿಸಿಲಿಗೆ ಬಿಟ್ಟರೆ, ಮಣ್ಣು ತಾಗಿಸಿದರೆ ಗೆದ್ದಲಿಗೂ ಕುಟ್ಟೆ ಹುಳುವಿಗೂ ಊಟ. ತೇಗದ ಚೇಗಿನಲ್ಲಿ, ಅಂದ್ರೆ ಒಳಗಿನ ಗಟ್ಟಿ ಭಾಗದಲ್ಲಿ, ಎಣ್ಣೆ ಅಂಶ ಇರುತ್ತೆ, ಅದಕ್ಕೇ ಅದು ತಡೆಯೋದು. ಇದರಲ್ಲಿ ಆ ಗುಣ ಎಲ್ಲಿಂದ ಬರಬೇಕು?

ಹಳೇದಾಗಿ ಕಾಣೋ ಹಾಗೆ ಮಾಡೋದು ಹೇಗೆ ಅಂತಾನೂ ತಿಳ್ಕೊಳ್ಳಿ. ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಮೆತ್ತನೆ ಭಾಗ ಕಿತ್ತು ಎಳೆ ಎದ್ದು ನಿಲ್ಲುತ್ತೆ. ಸರಪಳಿಯಲ್ಲಿ ಬಡಿದರೆ ಜಜ್ಜಿದ ಗುರುತು. ಕಬ್ಬಿಣದ ನಾರು ನೆನೆಸಿಟ್ಟ ವಿನಿಗರ್ ಹಚ್ಚಿದರೆ ಬೂದುಗಪ್ಪು. ಡ್ರಿಲ್‌ನಲ್ಲಿ ಸಣ್ಣ ತೂತು. ಮೇಲೆ ವಾಲ್‌ನಟ್ ಬಣ್ಣ. ಒಂದು ದಿನದ ಕೆಲಸ, ನೂರು ವರ್ಷ ತಯಾರು.

ನಿಜವಾದ ಹಳೇ ಕಂಬದಲ್ಲಿ ಮೊಳೆ ತೂತಿನ ಸುತ್ತ ತುಕ್ಕು ಇಳಿದು ಮರ ಕಪ್ಪಾಗಿರುತ್ತೆ. ಮೇಲ್ತುದಿಯಲ್ಲಿ ಬೋದಿಗೆ (ಕಂಬದ ತಲೆ ಮೇಲೆ ಕೂರೋ ಮರದ ತುಂಡು), ತೊಲೆ ಕೂರಿಸಿದ್ದ ಕಚ್ಚು ಇರುತ್ತೆ. ಸವೆತ ಎಲ್ಲ ಕಡೆ ಒಂದೇ ಸಮ ಇರಲ್ಲ, ಕೈ ತಾಗೋ ಎತ್ತರದಲ್ಲಿ, ಓಡಾಡೋ ಬದಿಗೆ ಮಾತ್ರ ನುಣುಪಾಗಿರುತ್ತೆ. ಕಾಣದ ಬದಿಯಲ್ಲಿ ಮರ ಕೆತ್ತೋ ಬಾಚಿಯ ಏಟಿನ ಗುರುತು ಸಿಗಬಹುದು. ಕಮಾನಿನ ಥರ ಬಾಗಿದ ಗರಗಸದ ಗೀರು ಇದ್ದರೆ ಅದು ಮೆಷಿನ್‌ನಲ್ಲಿ ಕೊಯ್ದ ಮರ. ಹುಳು ತೂತು ಒಂದೇ ಅಳತೆ, ಒಂದೇ ಆಳ ಇದ್ದರೆ ಡ್ರಿಲ್. ಇಷ್ಟೆಲ್ಲ ನೋಡೋಕೆ ಬರದಿದ್ದರೆ ಬುಡದ ಅರ್ಧ ಇಂಚು ಕೊಯ್ದು ತೋರಿಸಿ ಅನ್ನಿ. ಒಪ್ಪದಿದ್ದರೆ ಬೇಡ ಅಂತ ವಾಪಸ್ ಬನ್ನಿ.

ಅಷ್ಟಕ್ಕೇ ಮುಗಿಲಿಲ್ಲ. ಅಳತೆಯಲ್ಲೂ ಮೋಸ. 6 ಇಂಚಿಗೆ 6 ಇಂಚು, 8 ಅಡಿ ಅಂದ್ರೆ ಒಂದು ಕಂಬಕ್ಕೆ 2 ಸಿ.ಎಫ್.ಟಿ. (ಘನ ಅಡಿ). ನಾಲ್ಕಕ್ಕೆ 8, ದರ 4,500, ಒಟ್ಟು 36,000. ಟೇಪ್ ಹಿಡಿದರೆ 5 ಇಂಚಿಗೆ 5 ಇಂಚು! ಅಂದ್ರೆ ಒಂದಕ್ಕೆ 1.39, ನಾಲ್ಕಕ್ಕೆ 5.56 ಸಿ.ಎಫ್.ಟಿ. ಸುಮಾರು 11,000 ರೂಪಾಯಿ ಇಲ್ಲದ ಮರಕ್ಕೆ ಕೊಟ್ಟದ್ದು. ನೋಡೋಕೆ ಒಂದು ಇಂಚು, ಮರದ ಲೆಕ್ಕದಲ್ಲಿ ನೂರಕ್ಕೆ ಮೂವತ್ತು.

ಫೋನ್ ಮಾಡಿದಾಗ ಬಂದ ಉತ್ತರಗಳನ್ನ ಹಾಗೇ ಹಾಕ್ತೀನಿ. ಮೊದಲ ದಿನ: ‘ನ್ಯಾಚುರಲ್ ಮರ ಸರ್, ಒಂದೊಂದು ಒಂದೊಂದು ಥರ ಇರುತ್ತೆ.’ ಮೂರನೇ ದಿನ ಕೊಯ್ದ ತುಂಡಿನ ಫೋಟೊ ಕಳಿಸಿದ ಮೇಲೆ: ‘ನಾವು ಟೀಕ್ ಅಂತ ಎಲ್ಲಿ ಬರೆದಿದ್ದೀವಿ? ಕೊಟೇಶನ್ ಓದಿ ಸರ್.’ ಅಳತೆ ಕೇಳಿದರೆ: ‘ರಫ್ ಸೈಜ್ 6, ಫಿನಿಷ್ ಸೈಜ್ 5.’ ಇಲ್ಲೂ ಫಿನಿಷ್! ಹತ್ತರಿ ಹೊಡೆದು ನುಣುಪು ಮಾಡಿದರೆ ಹೋಗೋದು ಕಾಲು ಇಂಚು, ಹೆಚ್ಚು ಅಂದ್ರೆ ಅರ್ಧ. ಒಂದು ಇಂಚು ಯಾವ ಹತ್ತರಿ ತಿನ್ನುತ್ತೆ? ಕೊನೆಗೆ: ‘ನೋಡೋಕೆ ಚೆನ್ನಾಗಿದೆಯಲ್ಲ ಸರ್, ಯಾರಿಗೆ ಗೊತ್ತಾಗುತ್ತೆ?’ ಈ ಕೊನೇ ಮಾತು ಮೋಸಕ್ಕಿಂತ ಜಾಸ್ತಿ ಚುಚ್ಚಿತು.

ಮೊದಲ ಮಳೆಗೆ ಕಂಬದ ಬಣ್ಣ ಇಳಿದು ನೆಲದ ಮೇಲೆ ಕಂದು ಪಟ್ಟೆ. ಮೇಲೆ ಹಾಕಿದ್ದು ಮೆಲಮೈನ್ ಪಾಲಿಶ್. ಅದು ಒಳಗಿನ ಸಾಮಾನಿಗೆ, ಹೊರಗಡೆ ಬಿಸಿಲಿಗೆ ಬಿರಿದು ಬಿಳಿ ಹೊಪ್ಪಳೆ ಏಳುತ್ತೆ. ಹೊರಾಂಗಣಕ್ಕೆ ಎಕ್ಸ್‌ಟೀರಿಯರ್ ಪಿಯು (ಪಾಲಿಯುರೆಥೇನ್) ಪಾಲಿಶ್, ಇಲ್ಲಾಂದ್ರೆ ಎಣ್ಣೆ ಕುಡಿಸಿ ವರ್ಷ ವರ್ಷ ಮತ್ತೆ ಹಚ್ಚಬೇಕು. ಇನ್ನೂ ಕೆಟ್ಟದ್ದು, ಕಂಬದ ಬುಡವನ್ನ ನೇರ ಕಾಂಕ್ರೀಟ್‌ನಲ್ಲಿ ಹೂಳೋಕೆ ಹೊರಟಿದ್ದರು. ಹಳೇ ಮನೆಗಳಲ್ಲಿ ಕಂಬದ ಕೆಳಗೆ ಅಡಿಗಲ್ಲು ಯಾಕಿರುತ್ತೆ? ನೆಲದ ತೇವ ಮರಕ್ಕೆ ಏರಬಾರದು ಅಂತ. ಅಂದಕ್ಕಲ್ಲ. ಕಲ್ಲಿನ ಮಧ್ಯೆ ಕಂಬಿ ನಿಲ್ಲಿಸಿ, ಅದರ ಮೇಲೆ ಕಂಬ ಕೂರಿಸಬೇಕು, ಕಲ್ಲು ನೆಲದಿಂದ ಆರು ಇಂಚಾದರೂ ಮೇಲಿರಬೇಕು. ಕಾಂಕ್ರೀಟ್‌ನಲ್ಲಿ ಹೂತರೆ ಸುತ್ತ ನೀರು ನಿಂತು ತೇಗವೇ ಕೊಳೆಯುತ್ತೆ, ಇನ್ನು ಸಿಲ್ವರ್ ಓಕ್ ಕೇಳಬೇಕಾ?

ಹೆಂಚಿನ ವಿಷಯ. 100 ಚದರಡಿಗೆ ಸುಮಾರು 140ರಿಂದ 150 ಮಂಗಳೂರು ಹೆಂಚು ಬೇಕು, ಒಣಗಿದ್ದಾಗಲೇ ತೂಕ 300 ಕೆಜಿ ದಾಟುತ್ತೆ, ನೆನೆದರೆ ಇನ್ನೂ ಹೆಚ್ಚು. ಇವರು 10 ಅಡಿ ಅಗಲಕ್ಕೆ 2 ಅಡಿ ಏರು ಕೊಟ್ಟರು. 5 ಅಡಿ ಬೇಕಿತ್ತು. ಇಳಿಜಾರು ಕಡಿಮೆ ಆದರೆ ಗಾಳಿ ಮಳೆಗೆ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ನುಗ್ಗುತ್ತೆ, ಹೆಂಚು ಕೂರಿಸೋ ರೀಪು ಪಟ್ಟಿ ಕೊಳೆಯುತ್ತೆ. ‘ಹಳೇ ಹೆಂಚು’ ಅಂತ ಹೆಚ್ಚು ದರ ಕೇಳಿದರೆ ತಿರುಗಿಸಿ ನೋಡಿ. ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಎದ್ದ ಹಳೇ ಕಾರ್ಖಾನೆಗಳು ಹೆಂಚಿನ ಮೇಲೆ ಹೆಸರು ಒತ್ತುತ್ತಿದ್ದವು. ಮಸಿ ಬಳಿದ ಹೊಸ ಹೆಂಚು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಗೊತ್ತಾಗುತ್ತೆ.

ಕಾವಿ ನೆಲ ಅಂತ ಹೇಳಿ ಮಾಡಿದ್ದು ಸಿಮೆಂಟ್ ಮೇಲೆ ಕೆಂಪು ಪೇಂಟ್. ಎರಡು ತಿಂಗಳಿಗೆ ಸಿಪ್ಪೆ. ನಿಜವಾದದ್ದಕ್ಕೆ ತಳದ ಗಾರೆ ಹಸಿ ಇರುವಾಗಲೇ ಬಣ್ಣ ಕಲಸಿದ ಸಿಮೆಂಟ್ ಹಾಕಿ ಅದೇ ದಿನ ಕರಣೆಯಲ್ಲಿ ತಿಕ್ಕಬೇಕು, ಆಮೇಲೆ ಒಂದು ವಾರವಾದರೂ ನೀರು ಕಟ್ಟಬೇಕು. ನಾಣ್ಯದಲ್ಲಿ ಮೂಲೆ ಗೀರಿ ನೋಡಿ, ಎರಡು ಮಿಲಿಮೀಟರ್ ಒಳಗೂ ಕೆಂಪೇ ಇರಬೇಕು.

ತೂಗುಮಂಚದ ಸರಪಳಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಅದು ಕಬ್ಬಿಣಕ್ಕೆ ಹಿತ್ತಾಳೆ ಬಣ್ಣ. ಇಲ್ಲಿ ಅಂಟಿತು, ಪ್ರತಿ ಕೊಂಡಿಗೂ ಅಂಟಿತು. 5 ಅಡಿಗೆ 2 ಅಡಿ, 2 ಇಂಚು ದಪ್ಪದ ತೇಗದ ಹಲಗೆಯೇ ಸುಮಾರು 30 ಕೆಜಿ, ಮೇಲೆ ಮೂವರು ಕೂತರೆ 200 ದಾಟುತ್ತೆ, ತೂಗುವಾಗ ಎಳೆತ ಇನ್ನೂ ಜಾಸ್ತಿ. ಅದನ್ನ ಮಾಡಿನ ಇಳಿಜಾರಿನ ಸಣ್ಣ ಮರವಾದ ಪಕಾಸಿಗೆ ತಿರುಪು ಮೊಳೆ ಹಾಕಿ ನೇತುಹಾಕಿದ್ದರು! ತೊಲೆಗೆ ಆರ್‌ಪಾರ್ ಬೋಲ್ಟ್, ಮೇಲೆ ಕಬ್ಬಿಣದ ಪ್ಲೇಟ್ ಇಲ್ಲದೆ ಮಕ್ಕಳನ್ನ ಅದರ ಮೇಲೆ ಕೂರಿಸಬೇಡಿ.

ಕೊಟೇಶನ್‌ನಲ್ಲಿ ಮರದ ಹೆಸರು, ಹಳೇದೋ ಹೊಸದೋ, ಹತ್ತರಿ ಹೊಡೆದ ಮೇಲಿನ ಅಳತೆ ಬರೆಸಿ. ‘ಫಿನಿಷ್’, ‘ಸ್ಟೈಲ್’, ‘ಲುಕ್’ ಅಂತಿರೋದನ್ನೆಲ್ಲ ಹೊಡೆದುಹಾಕಿಸಿ. ಅಡ್ವಾನ್ಸ್ ಕಾಲು ಭಾಗಕ್ಕಿಂತ ಹೆಚ್ಚು ಬೇಡ, ಉಳಿದದ್ದು ಸಾಮಾನು ಬಂದು ಅಳೆದ ಮೇಲೆ. ಜಿಎಸ್‌ಟಿ ಬಿಲ್ ಇಲ್ಲದೆ ಒಂದು ರೂಪಾಯಿಯೂ ಬೇಡ.

ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಬಾಯಿ ಮಾತಿಗೆ ಸಾಕ್ಷಿ ಇಲ್ಲ ಅಂತ ಸುಮ್ಮನಾಗಬೇಡಿ, ‘ಹಳೇ ತೇಗ’ ಅಂತ ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ, ವಾಯ್ಸ್ ಮೆಸೇಜ್ ಒಂದನ್ನೂ ಅಳಿಸಬೇಡಿ. ಆಚಾರ್ರು ಕೊಯ್ದ ಆ ಮೂರು ಇಂಚಿನ ತುಂಡು ಇಲ್ಲಿ ಕವರ್‌ನಲ್ಲಿದೆ, ದಿನಾಂಕ ಬರೆದು ಇಟ್ಟಿದೆ. ದೂರಿನ ಜೊತೆ ಅದೂ ಹೋಗುತ್ತೆ.