ಎರಡು ರೋಲಿನ ಡಿಸ್ಪೆನ್ಸರ್, ಕಾರ್ಟ್ರಿಜ್ ಸೋಪು: ಮೂರು ವರ್ಷ ಬಳಸಿದ ಮೇಲೆ

ಮೇಲೆ ಆಫೀಸುಗಳು, ಕೆಳಗೆ ಸಾರ್ವಜನಿಕರು ಓಡಾಡುವ ಮಹಡಿ. ಈ ಕಟ್ಟಡದ ಹೌಸ್‌ಕೀಪಿಂಗ್ ನನ್ನ ಜವಾಬ್ದಾರಿ. ಶೌಚಾಲಯದಲ್ಲಿ ಟಿಶ್ಯೂ, ಸೋಪು ಇಡುವ ಪೆಟ್ಟಿಗೆ, ಅಂದರೆ ಡಿಸ್ಪೆನ್ಸರ್, ಮಾಮೂಲಿ ದಿನಗಳಲ್ಲಿ ಎಂಥದ್ದಿದ್ದರೂ ನಡೆದುಹೋಗುತ್ತದೆ. ಅದರ ಯೋಗ್ಯತೆ ತಿಳಿಯುವುದು ಸಾಲು ರಜೆಯಲ್ಲಿ. ಮೇಲಿನ ಮಹಡಿಗಳು ಖಾಲಿ, ಕೆಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ, ನಮ್ಮ ಕೆಲಸದವರಲ್ಲಿ ಅರ್ಧ ಮಂದಿ ರಜೆ, ಸಾಮಾನು ತರುವ ಗಾಡಿಯೂ ಬರುವುದಿಲ್ಲ.

ಅಂಥದ್ದೇ ಒಂದು ದಿನ ವಯಸ್ಸಾದವರೊಬ್ಬರು ಒಳಗಿನಿಂದ ಬಾಗಿಲು ತಟ್ಟಿ ಟಿಶ್ಯೂ ಕೇಳಿದರು. ಸ್ಟೋರ್ ರೂಮಿನಲ್ಲಿ ರೋಲುಗಳು ರಾಶಿ ಬಿದ್ದಿದ್ದವು, ಆ ಪೆಟ್ಟಿಗೆಯಲ್ಲಿ ಮಾತ್ರ ಇರಲಿಲ್ಲ. ಆ ವಾರವೇ ಎರಡು ರೋಲಿನ ಪೆಟ್ಟಿಗೆಗೆ ಆರ್ಡರ್ ಕೊಟ್ಟೆ.

ಇದರಲ್ಲಿ ಮೊದಲ ರೋಲು ಪೂರ್ತಿ ಮುಗಿಯುವವರೆಗೆ ಎರಡನೆಯದರ ಮುಚ್ಚಳ ಸರಿಯುವುದಿಲ್ಲ. ಒಂದು ಖಾಲಿಯಾದದ್ದು ಕಂಡಾಗಲೂ ಇನ್ನೊಂದು ತುಂಬಿಕೊಂಡೇ ಇರುತ್ತದೆ, ನಮಗೆ ಓಡಿ ಬರಲು ಸಮಯ ಸಿಗುತ್ತದೆ. ಹಿಂದೆ ಎಲ್ಲಿ ಮುಗಿದುಬಿಡುತ್ತದೋ ಎಂಬ ಭಯಕ್ಕೆ ಕಾಲು ಭಾಗ ಉಳಿದ ರೋಲುಗಳನ್ನೇ ತೆಗೆದು ಹೊಸದು ಹಾಕುತ್ತಿದ್ದರು. ಆ ತುಂಡು ರೋಲುಗಳ ಕಾಟ ನಿಂತಿತು. ಎರಡನೇ ವರ್ಷದಿಂದ ಕಾಗದದ ಧೂಳು ಕೂತು ಮುಚ್ಚಳ ಬಿಗಿಯಾಗತೊಡಗಿತು. ಒಣ ಬ್ರಷ್‌ನಲ್ಲಿ ಒರೆಸಿದರೆ ಸರಿಹೋಗುತ್ತದೆ. ಬೀಗದ ಕೀಲಿ ಮಾತ್ರ ಒಬ್ಬರ ಜೇಬಿನಲ್ಲಿ ಇರಬಾರದು. ಒಂದು ರಜೆಯಲ್ಲಿ ಕೀಲಿ ಇಟ್ಟುಕೊಂಡವರೇ ಊರಿಗೆ ಹೋಗಿದ್ದರು, ಅರ್ಧ ದಿನ ಒದ್ದಾಡಿದೆವು.

ಸೋಪಿನ ವಿಷಯದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಸೀಲಾದ ಕಾರ್ಟ್ರಿಜ್, ಅಂದರೆ ಸೋಪು ತುಂಬಿಯೇ ಬರುವ, ಮುಗಿದಾಗ ಇಡಿಯಾಗಿ ಬದಲಾಯಿಸುವ ಡಬ್ಬಿ. ಮೇಲಿನಿಂದ ಸುರಿದು ತುಂಬುವ ಡಬ್ಬಿಯಲ್ಲಿ ಹಳೆಯ ಸೋಪಿನ ಮೇಲೆ ಹೊಸದನ್ನು ಹಾಕುತ್ತಾ ಹೋದರೆ ಅದರಲ್ಲೇ ಬ್ಯಾಕ್ಟೀರಿಯಾ ಬೆಳೆಯಬಹುದು. ಪ್ರತಿ ಸಲ ಖಾಲಿ ಮಾಡಿ, ತೊಳೆದು, ಒಣಗಿಸಿ ತುಂಬಬೇಕು. ಜನ ಸಾಲು ನಿಂತಿರುವಾಗ ಅಷ್ಟನ್ನು ಯಾರು ಮಾಡುತ್ತಾರೆ? ಕಾರ್ಟ್ರಿಜ್‌ಗೆ ಅದರದೇ ಹೊಸ ನಳಿಕೆ ಬರುತ್ತದೆ, ಬದಲಾಯಿಸಲು ಒಂದು ನಿಮಿಷವೂ ಬೇಡ. ಒಮ್ಮೆ ಒತ್ತಿದರೆ ನೊರೆಯಾಗಿ ಬರುವುದರಿಂದ ಸೋಪು ಕಡಿಮೆ ಖರ್ಚಾಗುತ್ತದೆ. ಕೊರತೆಯೆಂದರೆ ಬೇರೆ ಕಂಪನಿಯ ಕಾರ್ಟ್ರಿಜ್ ಇದಕ್ಕೆ ಕೂರುವುದಿಲ್ಲ. ಹಾಗಾಗಿ ರಜೆಗೆ ಎರಡು ವಾರ ಮೊದಲೇ ಡಿಸ್ಪೆನ್ಸರ್‌ಗೊಂದರಂತೆ ಹೆಚ್ಚುವರಿ ತರಿಸಿಡುತ್ತೇನೆ. ಖಾಲಿ ಪ್ಲಾಸ್ಟಿಕ್ಕಿನ ರಾಶಿ ನೋಡಿದರೆ ಈಗಲೂ ಬೇಸರವಾಗುತ್ತದೆ.

ಕೈ ಒಡ್ಡಿದರೆ ತಾನಾಗಿಯೇ ಸೋಪು ಕೊಡುವ ಸೆನ್ಸರ್ ಮಾದರಿಯನ್ನು ಕೆಳಮಹಡಿಯಿಂದ ತೆಗೆಸಿದೆ. ಜನ ಹೆಚ್ಚಿದಷ್ಟೂ ಬ್ಯಾಟರಿ ಬೇಗ ಮುಗಿಯುತ್ತದೆ, ಒಳಗೆ ಸೋಪು ಇದ್ದೂ ಕೈಗೆ ಬರುವುದಿಲ್ಲ. ಅಲ್ಲಿಗೆ ಕೈಯಿಂದ ಒತ್ತುವುದೇ ಸರಿ.

ಕೈ ಒರೆಸುವ ಕಾಗದದ ಪೆಟ್ಟಿಗೆಯನ್ನು ಗದ್ದಲದ ದಿನ ತುರುಕಿ ತುಂಬಬೇಡಿ. ಒದ್ದೆ ಕೈಯಲ್ಲಿ ಎಳೆದಾಗ ಹರಿದು ತುಂಡು ಮಾತ್ರ ಬರುತ್ತದೆ. ಆ ಕಾಗದ ಟಿಶ್ಯೂವಿನಂತೆ ನೀರಿನಲ್ಲಿ ಕರಗುವುದೂ ಇಲ್ಲ. ಟಿಶ್ಯೂ ಮುಗಿದಾಗ ಜನ ಅದನ್ನೇ ಬಳಸಿ ಕಮೋಡಿಗೆ ಹಾಕುತ್ತಾರೆ, ಪೈಪು ಕಟ್ಟಿಕೊಳ್ಳುತ್ತದೆ. ಪಕ್ಕದಲ್ಲೇ ದೊಡ್ಡ ಡಸ್ಟ್‌ಬಿನ್ ಇಡಿ. ಸ್ಯಾನಿಟರಿ ಪ್ಯಾಡ್‌ನ ಡಬ್ಬಿಯನ್ನೂ ಅದೇ ಸುತ್ತಿನಲ್ಲಿ ಖಾಲಿ ಮಾಡಿಸಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಈಗ ಪ್ರತಿ ರಜೆಯಲ್ಲೂ ಎಷ್ಟು ರೋಲು, ಎಷ್ಟು ಕಾರ್ಟ್ರಿಜ್ ಖರ್ಚಾಯಿತೆಂದು ಬರೆದಿಡುತ್ತೇನೆ, ಮುಂದಿನ ಆರ್ಡರಿಗೆ ಅದೇ ಲೆಕ್ಕ. ಎರಡು ರೋಲಿನ ಪೆಟ್ಟಿಗೆಯನ್ನು ಮೇಲಿನ ಮಹಡಿಗಳಿಗೂ ಹಾಕಿಸುತ್ತಿದ್ದೇನೆ.