ದತ್ತು ಪಡೆಯೋದಾ, ಫೋಸ್ಟರ್ ಕೇರ್‌ಗೆ ಮುಂದಾಗೋದಾ?

ಎರಡರಲ್ಲೂ ಮಗು ನಿಮ್ಮ ಮನೆಗೇ ಬರುತ್ತದೆ. ಆದರೆ ದತ್ತು ಮಗು ಕಾನೂನು ಪ್ರಕಾರ ಪೂರ್ತಿ ನಿಮ್ಮದು. ಆಸ್ತಿಯೂ ಸೇರಿ ಹೆತ್ತ ಮಗುವಿಗಿರುವ ಎಲ್ಲ ಹಕ್ಕೂ ಅದಕ್ಕಿದೆ. ಫೋಸ್ಟರ್ ಕೇರ್‌ನಲ್ಲಿ ನೀವು ಸಾಕುವವರು. ಹೆತ್ತವರ ಪರಿಸ್ಥಿತಿ ಸುಧಾರಿಸಿದರೆ ಮಗು ವಾಪಸ್ ಹೋಗಬಹುದು. ಅದನ್ನು ತಡೆದುಕೊಳ್ಳುವ ಗಟ್ಟಿತನ ಇದೆಯಾ ಅಂತ ಮೊದಲು ಮನೆಯವರೆಲ್ಲ ಕೂತು ಮಾತಾಡಿ.

ಇನ್ನು ದುಡ್ಡಿನ ವಿಷಯ. ಫೋಸ್ಟರ್ ಮಗುವಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಸ್ಕೂಲ್ ಫೀಸು, ಬಟ್ಟೆ, ಔಷಧಿ, ಬಸ್ ಚಾರ್ಜು ಎಲ್ಲ ಕೂಡಿಸಿ ನೋಡಿ, ಸಾಲುವುದಿಲ್ಲ. ಇದು ಜಾಸ್ತಿ ಆಗಲೇಬೇಕು. ದತ್ತುವಿಗೆ ಇಂಥ ತಿಂಗಳ ನೆರವಿಲ್ಲ. ಮನೆಗೆ ಬಂದು ತಯಾರಿಸುವ ವರದಿಗೂ ದತ್ತು ಸಂಸ್ಥೆಗೂ ನಿಗದಿಯಾದ ಶುಲ್ಕ ನೀವೇ ಕಟ್ಟಬೇಕು. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ದತ್ತುವಿಗೆ ಕೇಂದ್ರದ ದತ್ತು ಪ್ರಾಧಿಕಾರವಾದ ಕಾರಾದ (CARA) ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. 2022ರ ಸೆಪ್ಟೆಂಬರ್‌ನಿಂದ ಕೋರ್ಟ್ ಬದಲು ಜಿಲ್ಲಾಧಿಕಾರಿಯೇ ಆದೇಶ ಕೊಡುತ್ತಾರೆ. ಪುಟ್ಟ ಕೂಸೇ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಫೋಸ್ಟರ್ ಕೇರ್‌ಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕಾಣಿ. ಆದೇಶ ಮಕ್ಕಳ ಕಲ್ಯಾಣ ಸಮಿತಿಯದು. ಇಲ್ಲಿ ಸಿಗುವುದು ಹೆಚ್ಚಾಗಿ 6 ವರ್ಷ ದಾಟಿದ ಮಕ್ಕಳು. ಒಂಟಿಯಾಗಿರುವವರೂ ಎರಡಕ್ಕೂ ಅರ್ಜಿ ಹಾಕಬಹುದು, ಆದರೆ ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ.

ಫೋಸ್ಟರ್ ಕೇರ್‌ನಲ್ಲಿ ಎರಡು ವರ್ಷ ಸಾಕಿದ ಮೇಲೆ, ಮಗು ಕಾನೂನಿನಂತೆ ದತ್ತುವಿಗೆ ಮುಕ್ತವಾಗಿದ್ದರೆ, ಅದೇ ಕುಟುಂಬ ದತ್ತು ಕೇಳಬಹುದು. ಸ್ವಲ್ಪ ದೊಡ್ಡ ಮಗುವಿಗೆ ಮನೆ ಕೊಡುವ ಆಸೆಯಿದ್ದರೆ ನಾನು ಹೇಳುವುದು ಈ ದಾರಿಯನ್ನೇ.