ಡಬ್ಬ ತುಂಬಾ ಸಾಮಾನಿತ್ತು, ಆದರೂ ಕಾಡಿನಲ್ಲಿ ಸಿಕ್ಕಿಬಿದ್ದೆವು: ಹಳೇ ಕಾರಿನವರು ದಯವಿಟ್ಟು ಓದಿ

ಕಳೆದ ಡಿಸೆಂಬರಿನ ಒಂದು ರಾತ್ರಿ. ಸುಳ್ಯದ ಹತ್ತಿರದ ಜಾಲ್ಸೂರು ದಾಟಿ ಕಾಸರಗೋಡು ಜಿಲ್ಲೆಯ ಆದೂರಿಗೆ ಬರುವ ದಾರಿಯ ಕಾಡಿನ ತಿರುವಿನಲ್ಲಿ, 76 ವರ್ಷದ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಎರಡು ಗಂಟೆ ನಿಂತಿದ್ದೆವು. ಡಿಕ್ಕಿಯಲ್ಲಿ ರಿಪೇರಿ ಸಾಮಾನಿನ ಡಬ್ಬ ಇತ್ತು. ತುಂಬಿದ ಡಬ್ಬ. ಅದರಲ್ಲಿದ್ದ ಒಂದು ಸಾಮಾನೂ ಆ ರಾತ್ರಿ ಉಪಯೋಗಕ್ಕೆ ಬರಲಿಲ್ಲ.

ನಮ್ಮದು 1986ರ ಪ್ರೀಮಿಯರ್ ಪದ್ಮಿನಿ. ಅಪ್ಪ ತೆಗೆದುಕೊಂಡ ಗಾಡಿ. ಅಪ್ಪ ಹೋದ ಮೇಲೆ ಮಾರಲು ಮನಸ್ಸಾಗಲಿಲ್ಲ. ಬದಿಯಡ್ಕದ ಹತ್ತಿರ ನಮ್ಮ ಮನೆ. ಸುಳ್ಯದಲ್ಲಿ ಅಕ್ಕನ ಮನೆಯ ಒಕ್ಕಲು (ಗೃಹಪ್ರವೇಶ) ಇತ್ತು. ಅಮ್ಮನಿಗೆ ಅಪ್ಪನ ಕಾರಿನಲ್ಲೇ ಹೋಗಬೇಕೆಂಬ ಆಸೆ. ಹಾಗಾಗಿ ನಾನು, ಭಾವ, ಅಮ್ಮ ಹೊರಟೆವು. ಹೋಗುವಾಗ ಏನೂ ತೊಂದರೆ ಆಗಲಿಲ್ಲ.

ವಾಪಸು ಬರುವಾಗ ಕೊಟ್ಯಾಡಿಯ ಹತ್ತಿರ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿಕೊಂಡಿತು. "ಚಾರ್ಜ್ ಆಗ್ತಿಲ್ಲ ಅಂತ ಕಾಣ್ತದೆ, ಮನೆಗೆ ಹೋಗಿ ನೋಡುವ ಭಾವ" ಎಂದೆ. ನಾನು ಮಾಡಿದ ಮೊದಲ ತಪ್ಪು ಇದು, ಎಲ್ಲಕ್ಕಿಂತ ದೊಡ್ಡದೂ ಇದೇ. ಈ ಕಾರುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಅಥವಾ ಆಲ್ಟರ್ನೇಟರನ್ನು ತಿರುಗಿಸುವ ಫ್ಯಾನ್ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ತುಂಡಾದರೆ ಚಾರ್ಜ್ ಮಾತ್ರ ನಿಲ್ಲುವುದಲ್ಲ, ರೇಡಿಯೇಟರಿನ ನೀರು ಓಡುವುದೂ ನಿಲ್ಲುತ್ತದೆ. ಕೆಂಪು ದೀಪ ಕಂಡ ಕೂಡಲೇ ನಿಲ್ಲಿಸಿ ಬಾನೆಟ್ ಎತ್ತಿದ್ದರೆ ಒಂದು ಬೆಲ್ಟಿನ ಖರ್ಚಿನಲ್ಲಿ ಮುಗಿಯುತ್ತಿತ್ತು. ನಾನು ಇನ್ನೂ ಎರಡು ಮೂರು ಕಿಲೋಮೀಟರ್ ಓಡಿಸಿದೆ. ಬಿಸಿಯ ಮುಳ್ಳು ಮೇಲೆ ಹೋಗಿದ್ದು ಕಾಣುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಬರುತ್ತಿತ್ತು.

ನಿಲ್ಲಿಸಿದ್ದು ತಿರುವಿನಲ್ಲೇ. ಬೇರೆ ಜಾಗ ಇರಲಿಲ್ಲ. ನಮ್ಮ ಗಾಡಿಯಲ್ಲಿ ನಾಲ್ಕು ಇಂಡಿಕೇಟರ್ ಒಟ್ಟಿಗೆ ಮಿನುಗುವ ಸ್ವಿಚ್ ಇಲ್ಲ. ಡಬ್ಬದಲ್ಲಿ ಟಾರ್ಚ್ ಇತ್ತು, ಅದರ ಸೆಲ್ ಸೋರಿ ಹಸಿರು ಕಟ್ಟಿತ್ತು. ರಿಫ್ಲೆಕ್ಟರ್ ತ್ರಿಕೋನ ಇರಲೇ ಇಲ್ಲ. ಕೆಂಪುಕಲ್ಲು ತುಂಬಿದ ಒಂದು ಲಾರಿ ತಿರುವು ದಾಟಿ ಬಂದು, ನಮ್ಮನ್ನು ಕಂಡು, ಬ್ರೇಕ್ ಹಾಕಿ ಪಕ್ಕಕ್ಕೆ ಎಳೆದುಕೊಂಡ ಆ ಕ್ಷಣ ಈಗಲೂ ಕಣ್ಣ ಮುಂದೆ ಬರುತ್ತದೆ. ಅಮ್ಮ ಇನ್ನೂ ಕಾರಿನೊಳಗೇ ಇದ್ದರು. ಗಾಡಿ ರಸ್ತೆಯಲ್ಲಿ ನಿಂತರೆ ಮೊದಲು ಜನರನ್ನು ಇಳಿಸಿ ದೂರ ಕೂರಿಸಬೇಕು, ಆಮೇಲೆ ರಿಪೇರಿ. ಆದರೆ ಇಳಿಸಿ ಎಲ್ಲಿ ಕೂರಿಸುವುದು? ದೇಲಂಪಾಡಿ, ಕಾರಡ್ಕ ಕಡೆಯವರಿಗೆ ಗೊತ್ತು, ಅಲ್ಲಿ ಆನೆ ತೋಟಕ್ಕೆ ಇಳಿಯುವುದು ಹೊಸ ವಿಷಯ ಅಲ್ಲ. ಸ್ವಲ್ಪ ಹಿಂದೆ, ಲಾರಿಯ ಬೆಳಕು ಬೀಳುವ ಮೋರಿಯ ಕಟ್ಟೆಯ ಮೇಲೆ ಕೂರಿಸಿದೆವು.

ಅಷ್ಟರಲ್ಲಿ ಭಾವ ಬೈರಾಸು (ಟವೆಲ್) ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿಬಿಟ್ಟರು. ನಾನು ಬೇಡ ಎನ್ನುವ ಮೊದಲೇ ಕುದಿಯುವ ನೀರು ಹಾರಿ ಮೊಣಕೈವರೆಗೆ ಸುಟ್ಟಿತು. ಗುಳ್ಳೆ ಎದ್ದು ವಾಸಿಯಾಗಲು ಮೂರು ವಾರ ಬೇಕಾಯಿತು. ಒಳಗೆ ಒತ್ತಡ ಇರುತ್ತದೆ. ಕನಿಷ್ಠ ಅರ್ಧ ಗಂಟೆ ಮುಟ್ಟಬೇಡಿ, ಎಷ್ಟೇ ಅವಸರ ಇರಲಿ. ಸುಟ್ಟ ಜಾಗಕ್ಕೆ ಹಾಕಲು ನಮ್ಮ ಹತ್ತಿರ ಇದ್ದದ್ದು ಅಮ್ಮ ಕುಡಿಯಲು ತಂದಿದ್ದ ಅರ್ಧ ಬಾಟಲಿ ನೀರು. ರೇಡಿಯೇಟರಿಗೂ ಅದೇ, ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆಗೂ ಅದೇ.

ಇನ್ನು ಡಬ್ಬದ ವಿಷಯ. "ಹಳೇ ಕಾರಿನ ಎಮರ್ಜೆನ್ಸಿ ಕಿಟ್" ಎಂದು ಹೇಳಿ ಒಬ್ಬರು ರೆಡಿ ಮಾಡಿ ಕೊಟ್ಟಿದ್ದರು. 3,800 ರೂಪಾಯಿ ಕೊಟ್ಟಿದ್ದೆ. ಒಳಗೆ ಫ್ಯಾನ್ ಬೆಲ್ಟ್, ಪ್ಲಗ್ಗಿಗೆ ಕಿಡಿ ಬರಿಸುವ ಸಿಬಿ ಪಾಯಿಂಟ್ ಮತ್ತು ಕಂಡೆನ್ಸರ್, ಪ್ಲಗ್, ಫ್ಯೂಸ್, ಸ್ಪ್ಯಾನರ್ ಸೆಟ್ ಎಲ್ಲ ಇತ್ತು. ಅದನ್ನು ಡಿಕ್ಕಿಯಲ್ಲಿಟ್ಟು ಎರಡು ವರ್ಷ ನೆಮ್ಮದಿಯಾಗಿದ್ದೆ. ಒಳಗಿನ ಸಾಮಾನು ಸರಿಯಿದೆಯಾ ಎಂದು ಒಂದು ದಿನವೂ ನೋಡಿರಲಿಲ್ಲ. ಬಿಚ್ಚಿದ್ದು ಒಂದೇ ಸಲ, 14-15ರ ಸ್ಪ್ಯಾನರ್ ತೆಗೆಯಲು. ತೋಟದ ಪಂಪಿಗೆ ಬೇಕಿತ್ತು. ಅದು ಪಂಪ್ ಶೆಡ್ಡಿನಲ್ಲೇ ಉಳಿದಿತ್ತು.

ಆಲ್ಟರ್ನೇಟರಿನ ಬೋಲ್ಟ್ 14ರದ್ದು. ಅದನ್ನು ಸಡಿಲ ಮಾಡದೆ ಬೆಲ್ಟ್ ಹತ್ತುವುದಿಲ್ಲ.

ಮುಕ್ಕಾಲು ಗಂಟೆ ಕಳೆದ ಮೇಲೆ ಅಡಿಕೆ ಮೂಟೆ ಇಳಿಸಿ ಬರುತ್ತಿದ್ದ ಒಂದು ಜೀಪು ನಿಂತಿತು. ಆ ಅಣ್ಣ ಮೊದಲು ಮಲಯಾಳದಲ್ಲಿ ಕೇಳಿದರು, ನಮ್ಮ ಮಾತು ಕೇಳಿ ತುಳುವಿಗೆ ಬಂದರು. ಅವರ ಹತ್ತಿರ 14ರ ಸ್ಪ್ಯಾನರ್ ಇತ್ತು. ಬೋಲ್ಟ್ ಸಡಿಲ ಮಾಡಿ, ಆಲ್ಟರ್ನೇಟರನ್ನು ಪೂರ್ತಿ ಒಳಗೆ ತಳ್ಳಿ, ಹೊಸ ಬೆಲ್ಟ್ ಹಾಕಲು ನೋಡಿದರೆ ಎರಡು ಬೆರಳಿನಷ್ಟು ಗಿಡ್ಡ! ಕಾರಣ ಆಮೇಲೆ ಗೊತ್ತಾಯಿತು. ನಮ್ಮ ಗಾಡಿಗೆ ಅಪ್ಪ ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸಿದ್ದರು. ಬ್ರಾಕೆಟ್ ಬೇರೆ, ಪುಲ್ಲಿ ಬೇರೆ, ಹಾಗಾಗಿ ಬೆಲ್ಟಿನ ಉದ್ದವೂ ಬೇರೆ. ಕಿಟ್‌ನಲ್ಲಿದ್ದದ್ದು ಡೈನಮೋ ಗಾಡಿಯ ಬೆಲ್ಟ್. "ಪದ್ಮಿನಿಯ ಬೆಲ್ಟ್ ಕೊಡಿ" ಎಂದು ಕೇಳಿದರೆ ಸಾಲುವುದಿಲ್ಲ. ಹಳೇ ಕಾರುಗಳಲ್ಲಿ ಎರಡು ಗಾಡಿ ಒಂದೇ ಥರ ಇರುವುದಿಲ್ಲ. ಮೂವತ್ತು ನಲವತ್ತು ವರ್ಷದಲ್ಲಿ ಯಾರು ಯಾರೋ ಏನೇನೋ ಬದಲಿಸಿರುತ್ತಾರೆ. ನಿಮ್ಮ ಗಾಡಿಯಲ್ಲಿ ಈಗ ಓಡುತ್ತಿರುವ ಬೆಲ್ಟಿನ ಬೆನ್ನ ಮೇಲಿನ ನಂಬರ್ ಓದಿ ಬರೆದಿಟ್ಟುಕೊಳ್ಳಿ.

ಕೊನೆಗೆ ಆ ಅಣ್ಣನೇ ಮೂಟೆ ಕಟ್ಟುವ ಹಗ್ಗದಲ್ಲಿ ಮುಳ್ಳೇರಿಯದವರೆಗೆ ಕಟ್ಟಿ ಎಳೆದರು. ಹಗ್ಗ ಎರಡು ಸಲ ತುಂಡಾಯಿತು. ಕತ್ತಲಲ್ಲಿ ಬಂಪರಿಗೆ ಕಟ್ಟಿದ್ದೆವು. ಅಪ್ಪ ಪ್ರತಿ ಭಾನುವಾರ ಒರೆಸುತ್ತಿದ್ದ ಆ ಕ್ರೋಮ್ ಬಂಪರ್ ಒಂದು ಬದಿ ಬಾಗಿತು. ಎಳೆಯುವ ಹಗ್ಗವನ್ನು ಬಂಪರಿಗೆ ಕಟ್ಟಬಾರದು. ನಿಮ್ಮ ಗಾಡಿಯ ಅಡಿಯಲ್ಲಿ ಎಲ್ಲಿಗೆ ಕಟ್ಟಬಹುದು ಎಂದು ಹಗಲಲ್ಲೇ ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಕೇಳಿ ನೋಡಿಟ್ಟುಕೊಳ್ಳಿ.

ಮರುದಿನ ಗ್ಯಾರೇಜಿನಲ್ಲಿ ಆಯಿಲ್ ಕಡ್ಡಿ ಎಳೆದರೆ ಹಾಲು ಹಾಕಿದ ಚಹಾದ ಬಣ್ಣ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ಸೀಲು, ಹೆಡ್ ಗ್ಯಾಸ್ಕೆಟ್, ಹೋಗಿ ನೀರು ಆಯಿಲಿಗೆ ಸೇರಿತ್ತು. ಈ ಎಂಜಿನ್ನಿನ ಹೆಡ್ ಅಲ್ಯುಮಿನಿಯಂ, ಬಿಸಿ ಜಾಸ್ತಿಯಾದರೆ ಬಾಗುತ್ತದೆ. ಅದನ್ನು ಸಮತಟ್ಟಾಗಿ ಉಜ್ಜಿಸಿ ಜೋಡಿಸಲು 14,000 ರೂಪಾಯಿ ಆಯಿತು, ಹನ್ನೆರಡು ದಿನ ಹಿಡಿಯಿತು.

ಅಲ್ಲಿನ ಹಿರಿಯ ಮೇಸ್ತ್ರಿ ನನ್ನ ಡಬ್ಬವನ್ನು ಬೆಂಚಿನ ಮೇಲೆ ಸುರಿದು ಒಂದೊಂದೇ ನೋಡಿದರು. ಪಾಯಿಂಟ್ ನಮ್ಮ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದಿತ್ತು. ಫ್ಯೂಸ್‌ಗಳು ಈಗಿನ ಕಾರಿನ ಚಪ್ಪಟೆ ನಮೂನೆಯವು, ನಮ್ಮ ಫ್ಯೂಸ್ ಬಾಕ್ಸಿಗೆ ಕೂರುವುದೇ ಇಲ್ಲ. ಪಂಕ್ಚರ್ ಸೊಲ್ಯೂಷನ್ ಕಲ್ಲಾಗಿತ್ತು. ಪ್ಯಾಕೆಟ್ ಒಡೆಯದ ಹೊಸ ಕಂಡೆನ್ಸರನ್ನು ಅವರು ಬೇರೊಂದು ಪದ್ಮಿನಿಯ ಡೆಲ್ಕೋದಲ್ಲಿ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಹಾಕಿ ಸ್ಟಾರ್ಟ್ ಮಾಡಿದರು. ಪಾಯಿಂಟಿನಲ್ಲಿ ನೀಲಿ ಕಿಡಿ ಹಾರಿ ಎಂಜಿನ್ ಕೆಮ್ಮಿ ನಿಂತಿತು. ಹೊಸದೇ ಕೆಟ್ಟದ್ದು. ಆ ರಾತ್ರಿ ನಮ್ಮ ಗಾಡಿಯಲ್ಲಿ ಕಂಡೆನ್ಸರೇ ಹೋಗಿ, ನಾನು ಇದನ್ನು ಹಾಕಿದ್ದರೆ, ಸುಮ್ನೆ ಬೇರೆಲ್ಲೋ ತಪ್ಪು ಹುಡುಕುತ್ತಾ ಬೆಳಗಾಗುತ್ತಿತ್ತು.

ಪದ್ಮಿನಿಯ ತಯಾರಿ ನಿಂತು ಇಪ್ಪತ್ತು ವರ್ಷ ದಾಟಿದೆ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಅಷ್ಟು ಟ್ಯಾಕ್ಸಿಗಳು ಓಡುತ್ತಿದ್ದಾಗ ಸಾಮಾನು ಸಿಗುತ್ತಿದ್ದ ಹಾಗೆ ಇನ್ನು ಸಿಗುವುದಿಲ್ಲ. ಪ್ಯಾಕೆಟ್ಟಿನ ಮೇಲಿನ ಹೆಸರು ನೋಡಿ ನಂಬಬೇಡಿ.

ಮೇಸ್ತ್ರಿ ಹೇಳಿಕೊಟ್ಟ ಉಪಾಯ ಒಂದೇ, ನಾನು ಈಗ ತಪ್ಪದೆ ಮಾಡುವುದೂ ಅದನ್ನೇ. ಹೊಸ ಸಾಮಾನು ಗಾಡಿಗೆ, ಚೆನ್ನಾಗಿ ಓಡುತ್ತಿದ್ದ ಹಳೆಯದು ಡಬ್ಬಕ್ಕೆ. ಬೆಲ್ಟ್, ಪಾಯಿಂಟ್, ಕಂಡೆನ್ಸರ್, ರೋಟರ್, ಎಲ್ಲ ಹಾಗೆಯೇ. ಹೊಸದು ಕೆಟ್ಟದ್ದಾಗಿದ್ದರೆ ಮನೆಯ ಅಂಗಳದಲ್ಲೇ ಗೊತ್ತಾಗುತ್ತದೆ. ಡಬ್ಬದಲ್ಲಿರುವುದು ಓಡಿದ ಸಾಮಾನು ಎಂಬ ಧೈರ್ಯವೂ ಇರುತ್ತದೆ. ಡಬ್ಬದ ಸ್ಪ್ಯಾನರಿನಲ್ಲೇ ಬಿಚ್ಚಿ ಜೋಡಿಸಿದರೆ ಯಾವುದು ಕಡಿಮೆ ಎಂಬುದೂ ತಿಳಿಯುತ್ತದೆ, ಅಲ್ವಾ?

ಈಗ ಐದು ಲೀಟರಿನ ನೀರಿನ ಕ್ಯಾನ್ ಯಾವಾಗಲೂ ಇರುತ್ತದೆ, ಕುಡಿಯುವ ನೀರು ಬೇರೆ. ಒಂದು ಮೀಟರ್ ಪೆಟ್ರೋಲ್ ಪೈಪ್, ನಾಲ್ಕು ಕ್ಲಿಪ್ ಇಟ್ಟಿದ್ದೇನೆ. ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯುವುದಿಲ್ಲ, ಮೆತ್ತಗಾಗಿ ಜಿನುಗುತ್ತದೆ. ಪೈಪ್ ತೆಗೆದುಕೊಳ್ಳುವಾಗ ಎಥೆನಾಲ್‌ಗೆ ಆಗುತ್ತದಾ ಎಂದು ಕೇಳಿಯೇ ತೆಗೆದುಕೊಳ್ಳಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಬಿದ್ದರೆ ಏನಾಗಬಹುದೆಂದು ಹೇಳಬೇಕಾಗಿಲ್ಲ. ಬೆಂಕಿ ಆರಿಸುವ ಸಿಲಿಂಡರನ್ನು ಡಿಕ್ಕಿಯಲ್ಲಿ ಇಡಬೇಡಿ, ಕೈಗೆ ಸಿಗುವ ಹಾಗೆ ಮುಂದಿನ ಸೀಟಿನ ಅಡಿಯಲ್ಲಿ ಇಡಿ. ತ್ರಿಕೋನ, ತಲೆಗೆ ಕಟ್ಟುವ ಟಾರ್ಚ್, ಗಟ್ಟಿ ಹಗ್ಗ, ಸುಟ್ಟ ಗಾಯದ ಮುಲಾಮು ಇವೆ. ಅಮ್ಮನ ಒಂದು ದಿನದ ಮಾತ್ರೆ, ಬಿಸ್ಕತ್ತು ಬೇರೆ ಡಬ್ಬಿಯಲ್ಲಿ.

ಪಂಪ್ ಶೆಡ್ಡಿಗೆ ಬೇರೆಯೇ ಒಂದು 14-15ರ ಸ್ಪ್ಯಾನರ್ ತಂದು ಗೋಡೆಗೆ ನೇತು ಹಾಕಿದ್ದೇನೆ.